ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬಸುರಿಗೆ ಕೊಡುವ ಮದ್ದನ್ನು ಯಾರಲ್ಲಿ ಪರೀಕ್ಷಿಸಿದ್ದಾರೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಸುರು ಮತ್ತು ಹೆರಿಗೆಯ ಸಮಯದಲ್ಲಿ ಕೊಡುವ ಔಷಧಿಗಳ ಕುರಿತಾಗಿವೆ. ಒಂದೇ ಸಂಶಯವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ, ಆರು ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿ ಮೂರು ತಿಂಗಳ ಬಸುರಿ. ನಾವು ತೋರಿಸುವ ಆಸ್ಪತ್ರೆಯಲ್ಲಿ ಒಂದು ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನರಿಗೆ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಡುತ್ತಾರಂತೆ. ಬಡವರ ಹೆಣ್ಣುಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ ಎಂದು ನಮ್ಮ ತಂದೆಯವರು ಸಿಟ್ಟಾಗಿದ್ದಾರೆ. ಏನು ಮಾಡಲಿ? (ಗೋಕಾಕ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ತಂದೆಯವರ ಸಿಟ್ಟಿನ ಹಿಂದೆ ಇರುವ ಪ್ರಶ್ನೆ ನ್ಯಾಯವಾದದ್ದು. ಅದನ್ನು ಸಂಶೋಧಕರ ಎದುರಿಗೇ ಕೇಳಬೇಕು. ಆದರೆ ಪರೀಕ್ಷೆ ಮಾಡದೆ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿ. ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಹಾರ್ಮೋನನ್ನು ಗರ್ಭಪಾತ ತಡೆಯುತ್ತದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಲಕ್ಷಗಟ್ಟಲೆ ಬಸುರಿಯರಿಗೆ ಕೊಟ್ಟರು. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲಿಯೇ ಶಿಕಾಗೋದ ಒಂದು ಹೋಲಿಕೆ ಅಧ್ಯಯನ ತೋರಿಸಿತ್ತು. ಆದರೂ ವೈದ್ಯರು ಬರೆಯುವುದನ್ನು ಬಿಡಲಿಲ್ಲ. 1971ರಲ್ಲಿ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಹರೆಯದ ವಯಸ್ಸಿಗೇ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡ ವರದಿ ಬಂದ ಮೇಲೆಯೇ ಅದು ನಿಂತಿತು. ಆ ತಾಯಂದಿರ ಮೇಲೂ ಪ್ರಯೋಗವೇ ನಡೆದಿತ್ತು. ಆದರೆ ಅವರನ್ನು ಯಾರೂ ಕೇಳಿರಲಿಲ್ಲ, ಅವರಿಗೇನಾಯಿತೆಂದು ಲೆಕ್ಕವನ್ನೂ ಇಟ್ಟಿರಲಿಲ್ಲ.

ಔಷಧಿಯಿಲ್ಲದ ಗುಳಿಗೆಯನ್ನು ಏಕೆ ಕೊಡುತ್ತಾರೆ ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆಯಿದೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಿದರು. ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಎಎನ್‌ಎಂ ಸಿಸ್ಟರ್ ಮಾಡಿಸಿದ ಹೆರಿಗೆಗಳು ಅವು. ಮಗು ಹುಟ್ಟಿದ ಕೂಡಲೇ, ಚೀಟಿ ಎತ್ತಿದಂತೆ ಯಾರಿಗೆ ಯಾವುದು ಬಂತೋ ಆ ಗುಳಿಗೆಯನ್ನು ನುಂಗಿಸಿದರು. ಹುಸಿಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಜನರಿಗೆ ಅತಿಯಾದ ರಕ್ತಸ್ರಾವವಾದರೆ, ಔಷಧಿ ತೆಗೆದುಕೊಂಡವರಲ್ಲಿ ಅದು 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ ನೂರಕ್ಕೆ 1.2 ಇದ್ದದ್ದು 0.2 ಆಯಿತು. ಚಳಿನಡುಕ ಮತ್ತು ಜ್ವರ ಔಷಧಿ ಪಡೆದವರಲ್ಲಿ ಹೆಚ್ಚಾಗಿದ್ದವು. ಅದನ್ನೂ ಮುಚ್ಚಿಡದೆ ಬರೆದರು. ಹುಸಿಗುಳಿಗೆಯ ಗುಂಪು ಇರದಿದ್ದರೆ, ರಕ್ತ ಕಡಿಮೆಯಾದದ್ದು ಔಷಧಿಯಿಂದಲೋ ಸಿಸ್ಟರ್ ಪಕ್ಕದಲ್ಲಿದ್ದು ಆರೈಕೆ ಮಾಡಿದ್ದರಿಂದಲೋ ಎಂದು ಹೇಳಲು ಬರುತ್ತಿರಲಿಲ್ಲ. 2006ರಲ್ಲಿ ಈ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವುದಕ್ಕಾಗಿ ಈ ಗುಳಿಗೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇನ್ನು ನಿಮ್ಮ ಕೆಲಸ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದರ ಒಂದು ಪ್ರತಿ ಮತ್ತು ಮಾಹಿತಿ ಹಾಳೆ ನಿಮ್ಮ ಮನೆಗೆ ಬರಬೇಕು. ಓದು ಬಾರದವರಿಗೆ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿಯ ಎದುರಿಗೆ ಓದಿ ಹೇಳಬೇಕು. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಇಂತಹ ಪ್ರತಿಯೊಂದು ಔಷಧಿ ಪರೀಕ್ಷೆಯನ್ನೂ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ; ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಸಂಶೋಧನೆಯಿಂದಾಗಿ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ನಡುವೆ ಬಿಟ್ಟು ಹೊರಬರುವ ಹಕ್ಕು ನಿಮ್ಮ ಹೆಂಡತಿಗಿದೆ, ಬಿಟ್ಟರೆ ಎಂದಿನ ಆರೈಕೆಗೆ ಏನೂ ಕಡಿಮೆಯಾಗಬಾರದು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಸಹಿ ಹಾಕುವುದೋ ಬಿಡುವುದೋ ಎಂಬ ತೀರ್ಮಾನ ನಿಮ್ಮ ಹೆಂಡತಿಯದು. ನಿಮ್ಮ ಪತ್ರದಲ್ಲಿ ತಂದೆಯವರ ಮಾತಿದೆ, ನಿಮ್ಮ ಮಾತಿದೆ, ಆಕೆಯ ಮಾತು ಮಾತ್ರ ಇಲ್ಲ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಕಿ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಕಬೇಕೆಂದು ತರಬೇತಿಯಲ್ಲಿ ಹೇಳಿದರು. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ನಮಗೆ ರಕ್ತ ಎಷ್ಟು ಹೋಯಿತೆಂದು ನೋಡಿದರೆ ತಿಳಿಯುವುದಿಲ್ಲವೇ? (ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ಸಿಸ್ಟರ್, ಇಪ್ಪತ್ತು ವರ್ಷದ ಕಣ್ಣನ್ನು ನಾನು ಗೌರವಿಸುತ್ತೇನೆ, ಆದರೆ ಈ ಒಂದು ಕೆಲಸದಲ್ಲಿ ನಮ್ಮೆಲ್ಲರ ಕಣ್ಣೂ ಮೋಸ ಹೋಗುತ್ತದೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಕೇಸ್ ಶೀಟಿನಲ್ಲಿ ರಕ್ತಸ್ರಾವದ ಜಾಗದಲ್ಲಿ ಹೆಚ್ಚುಕಡಿಮೆ ಪ್ರತಿ ಹೆರಿಗೆಗೂ 200 ಎಂ.ಎಲ್. ಎಂದು ಬರೆಯುತ್ತಿದ್ದೆವು. ಅರ್ಧ ರಕ್ತ ಬಟ್ಟೆಯಲ್ಲಿ ಇಂಗಿರುತ್ತಿತ್ತು, ಇನ್ನಷ್ಟು ನೀರಿನೊಂದಿಗೆ ಬಕೆಟ್ಟಿಗೆ ಹೋಗಿರುತ್ತಿತ್ತು. ಒಂದು ರಾತ್ರಿ ಹಾಗೆಯೇ ಬರೆದು ವಾರ್ಡಿಗೆ ಕಳುಹಿಸಿದ ಬಾಣಂತಿಯ ಕೈ ಮುಟ್ಟಿದರೆ ತಣ್ಣಗಾಗಿತ್ತು, ತುಟಿ ಬಿಳಿಚಿತ್ತು, ನಾಡಿ ಓಡುತ್ತಿತ್ತು. ಆಕೆ ಬದುಕಿದಳು. ಆದರೆ ಶೀಟಿನಲ್ಲಿ ನಾನು ಬರೆದ ಆ 200 ಇಂದಿಗೂ ನನ್ನ ಕಣ್ಣ ಮುಂದಿದೆ.

ನಿಮಗೆ ಕೊಟ್ಟಿರುವ ಹಾಳೆಯ ಹುಟ್ಟೂರು ಕರ್ನಾಟಕವೂ ಹೌದು ಎಂದರೆ ನಿಮಗೆ ಸಂತೋಷವಾಗಬಹುದು. ಮೇಲೆ ಹೇಳಿದ ಬೆಳಗಾವಿಯ ಅಧ್ಯಯನದಲ್ಲಿ, ಹಳ್ಳಿಯ ಮನೆಯಲ್ಲಿ, ಲಾಂದ್ರದ ಬೆಳಕಿನಲ್ಲೂ ರಕ್ತವನ್ನು ಸರಿಯಾಗಿ ಅಳೆಯುವ ಸಾಧನ ಬೇಕಾಗಿತ್ತು. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆಯ ಕೆಳತುದಿಗೆ ಆಲಿಕೆಯಂತೆ ಕಿರಿದಾಗುವ ಚೀಲವನ್ನು ಜೋಡಿಸಿ, ಅದರ ಮೇಲೆ ಅಳತೆಯ ಗೆರೆಗಳನ್ನು ಹಾಕಿದರು. ಮೇಲ್ತುದಿಯನ್ನು ತಾಯಿಯ ಸೊಂಟಕ್ಕೆ ಲಾಡಿಯಿಂದ ಕಟ್ಟಿದರೆ ರಕ್ತ ತಾನಾಗಿ ಚೀಲಕ್ಕಿಳಿಯುತ್ತದೆ. ರೂಪಿಸಿದ ಏಳು ಮಂದಿಯ ಹೆಸರುಗಳ ಅಕ್ಷರಗಳನ್ನು ಕೂಡಿಸಿ ಅದನ್ನು ಬ್ರಾಸ್-ವಿ ಡ್ರೇಪ್ ಎಂದು ಕರೆದರು. ಅದೇ ತಂಡ, ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿತು. ಕಣ್ಣಂದಾಜು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಬಂತು.

ಅಳೆದರೆ ಸಾಕೇ, ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ 2023ರಲ್ಲಿ ಉತ್ತರ ಬಂತು. ಇ-ಮೋಟಿವ್ ಎಂಬ ಆ ಅಧ್ಯಯನ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆಯಿತು. ಅರ್ಧ ಆಸ್ಪತ್ರೆಗಳು ಎಂದಿನಂತೆ ನಡೆದವು. ಉಳಿದವುಗಳಲ್ಲಿ ಗೆರೆಯ ಹಾಳೆಯಿಂದ ಅಳೆದು, ರಕ್ತ ಗೆರೆ ಮುಟ್ಟಿದ ಕೂಡಲೇ ಒಂದಾದ ಮೇಲೊಂದರಂತೆ ಕಾಯದೆ ಎಲ್ಲವನ್ನೂ ಒಟ್ಟಿಗೆ ಮಾಡಿದರು: ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ತಿಕ್ಕುವುದು, ಅದನ್ನು ಬಿಗಿಗೊಳಿಸುವ ಔಷಧಿ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಹರಿದ ಜಾಗವಿದೆಯೇ ಎಂಬ ಪರೀಕ್ಷೆ, ಆಮೇಲೂ ನಿಲ್ಲದಿದ್ದರೆ ಮೇಲಿನವರಿಗೆ ಕರೆ. ಇವುಗಳಲ್ಲಿ ನಿಮಗೆ ಹೊಸದು ಯಾವುದೂ ಇಲ್ಲ. ಆದರೂ ಒಂದು ಲೀಟರ್ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದಾದ ಸಾವು, ಈ ಮೂರೂ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು. ಎಂದಿನ ಕ್ರಮದಲ್ಲಿ ಅತಿ ರಕ್ತಸ್ರಾವವಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಮಾತ್ರ ಗುರುತಿಸಿದ್ದರು. ಹಾಳೆ ಹಾಕಿದಲ್ಲಿ ನೂರಕ್ಕೆ 93 ಜನರನ್ನು ಗುರುತಿಸಿದರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 300 ಎಂ.ಎಲ್. ರಕ್ತ ಹೋಗಿ ನಾಡಿ ಅಥವಾ ಬಿಪಿಯಲ್ಲಿ ಏರುಪೇರು ಕಂಡರೆ ಅತಿ ರಕ್ತಸ್ರಾವವೆಂದು ಎಣಿಸುವ 500ರ ತನಕ ಕಾಯಬೇಡಿ ಎಂದಿದೆ.

ಇನ್ನೊಂದು ವಿಷಯ. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನಿನ ಆಂಪೂಲನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಕಿಟಕಿಯ ಪಕ್ಕದ ಟ್ರೇಯಲ್ಲಿ ಚಿತ್ರದುರ್ಗದ ಬೇಸಿಗೆಯನ್ನು ಕಳೆದ ಆಂಪೂಲಿನಲ್ಲಿ ಔಷಧಿಯ ಶಕ್ತಿ ಎಷ್ಟು ಉಳಿದಿರುತ್ತದೆಂದು ಯಾರೂ ಹೇಳಲಾರರು. ಇದೇ ಕಾರಣಕ್ಕೆ ಅದೇ ಕೆಲಸ ಮಾಡುವ, ಬಿಸಿಗೆ ಕೆಡದ ಕಾರ್ಬೆಟೋಸಿನ್ನನ್ನು ಭಾರತವೂ ಸೇರಿದಂತೆ 10 ದೇಶಗಳ 29,645 ತಾಯಂದಿರಲ್ಲಿ ಆಕ್ಸಿಟೋಸಿನ್ನಿಗೆ ಹೋಲಿಸಿ ನೋಡಿದರು; 2018ರ ಫಲಿತಾಂಶದಲ್ಲಿ, 500 ಎಂ.ಎಲ್. ಮತ್ತು ಅದಕ್ಕೂ ಮೀರಿದ ರಕ್ತಸ್ರಾವವನ್ನು ತಡೆಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಅದು ನಿಮ್ಮ ವಾರ್ಡಿಗೆ ಬರುವವರೆಗೂ ಫ್ರಿಜ್ಜಿನ ಬೀಗದ ಕೈ ರಾತ್ರಿ ಪಾಳಿಯ ಸಿಸ್ಟರ್ ಬಳಿಯೇ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಸೊಸೆಗೆ ಮೊದಲ ಬಸುರು, ಹನ್ನೆರಡನೇ ವಾರ. ದಿನಾ ರಾತ್ರಿ ಆಸ್ಪಿರಿನ್ ತೆಗೆದುಕೊಳ್ಳಲು ಹೇಳಿದ್ದಾರೆ. ಅದು ಹೃದಯದವರ ಮಾತ್ರೆಯಲ್ಲವೇ? ರಕ್ತ ತೆಳುವಾಗಿ ಮಗುವಿಗೆ ತೊಂದರೆಯಾಗುವುದಿಲ್ಲವೇ? (ಹಾಸನದ ಓದುಗರು)

ಉತ್ತರ: ಅಮ್ಮ, ಮಾತ್ರೆ ಅದೇ, ಉದ್ದೇಶ ಬೇರೆ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ರಕ್ತನಾಳಗಳೊಳಗೆ ಸರಿಯಾಗಿ ಬೇರೂರದಿದ್ದರೆ ಮುಂದೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಅಪಾಯ ಹೆಚ್ಚಿದ್ದವರಿಗೆ 150 ಮಿಲಿಗ್ರಾಂ ಆಸ್ಪಿರಿನ್ನನ್ನು 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ ರಾತ್ರಿ ಹೊತ್ತು ಕೊಟ್ಟ ಯುರೋಪಿನ ಅಧ್ಯಯನದಲ್ಲಿ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬರುವಂತಹ ಬಿಪಿ ತೊಂದರೆ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಅದು 2017ರ ಮಾತು. 2020ರಲ್ಲಿ ಬೆಳಗಾವಿ ಮತ್ತು ನಾಗಪುರದ ತಾಯಂದಿರೂ ಇದ್ದ, ಆರು ದೇಶಗಳ 11,976 ಚೊಚ್ಚಲ ಬಸುರಿಯರ ಅಧ್ಯಯನದಲ್ಲಿ 81 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ನೂರಕ್ಕೆ 11.6, ಹುಸಿಮಾತ್ರೆ ಪಡೆದವರಲ್ಲಿ 13.1 ಇತ್ತು. ತಾಯಂದಿರಲ್ಲಾಗಲಿ ಶಿಶುಗಳಲ್ಲಾಗಲಿ ತೊಂದರೆಗಳು ಹೆಚ್ಚಲಿಲ್ಲ.

ವ್ಯತ್ಯಾಸ ಪವಾಡದಷ್ಟು ದೊಡ್ಡದಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಆದರೆ ಹಣ ಹೆಚ್ಚು ಬೇಡದ ಮಾತ್ರೆಯಿಂದ ಇಷ್ಟಾದರೂ ಸಿಕ್ಕರೆ ನಾನು ಬರೆಯುತ್ತೇನೆ. ಸ್ವೀಡನ್ನಿನ ದಾಖಲೆಗಳ ಒಂದು ಅಧ್ಯಯನದಲ್ಲಿ ಹೆರಿಗೆಯ ಹೊತ್ತಿನ ರಕ್ತಸ್ರಾವ ಸ್ವಲ್ಪ ಹೆಚ್ಚು ಕಂಡಿದೆ. ಆದ್ದರಿಂದ ಯಾವ ವಾರದಲ್ಲಿ ನಿಲ್ಲಿಸಬೇಕೆಂದು ಈಗಲೇ ಕೇಳಿ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಸೊಸೆಗೆ ಹೊಟ್ಟೆಹುಣ್ಣು ಅಥವಾ ಆಸ್ತಮಾ ಇದ್ದರೆ ಅದನ್ನು ವೈದ್ಯರಿಗೆ ಹೇಳದೆ ಮಾತ್ರೆ ಶುರುಮಾಡಬೇಡಿ.

ಪ್ರಶ್ನೆ: ಮೊದಲ ಮಗು ಏಳು ತಿಂಗಳಿಗೇ ಹುಟ್ಟಿ ಉಳಿಯಲಿಲ್ಲ. ಈಗ ಬಸುರು ನಿಲ್ಲಲೆಂದು ವಾರಕ್ಕೊಂದು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಹೊರದೇಶದಲ್ಲಿ ಅದನ್ನು ನಿಲ್ಲಿಸಿದ್ದಾರೆಂದು ಕೇಳಿದೆ. ನಿಜವೇ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಇಂಜೆಕ್ಷನ್ನಿನ ಹೆಸರು ಹೈಡ್ರಾಕ್ಸಿಪ್ರೊಜೆಸ್ಟರಾನ್ ಕ್ಯಾಪ್ರೊಯೇಟ್ ಆಗಿದ್ದರೆ ನೀವು ಕೇಳಿದ್ದು ನಿಜ. 2003ರಲ್ಲಿ ಅಮೆರಿಕದ 463 ತಾಯಂದಿರ ಅಧ್ಯಯನದಲ್ಲಿ ಅದು ಅವಧಿಪೂರ್ವ ಹೆರಿಗೆಯನ್ನು ಮೂರನೆಯ ಒಂದರಷ್ಟು ತಗ್ಗಿಸಿದಂತೆ ಕಂಡಿತು, ಆ ಆಧಾರದ ಮೇಲೆ 2011ರಲ್ಲಿ ಅಲ್ಲಿನ ಔಷಧಿ ನಿಯಂತ್ರಕರು ಇನ್ನೊಂದು ಅಧ್ಯಯನ ಮಾಡಿ ತೋರಿಸಬೇಕೆಂಬ ಷರತ್ತಿನೊಂದಿಗೆ ಅನುಮತಿ ಕೊಟ್ಟರು. ಆ ಎರಡನೆಯ ಅಧ್ಯಯನ 1,708 ತಾಯಂದಿರಲ್ಲಿ ನಡೆದು 2019ರಲ್ಲಿ ಹೊರಬಂದಾಗ, 35 ವಾರಕ್ಕೆ ಮುಂಚಿನ ಹೆರಿಗೆ ಔಷಧಿ ಪಡೆದವರಲ್ಲಿ ನೂರಕ್ಕೆ 11.0, ಪಡೆಯದವರಲ್ಲಿ 11.5 ಇತ್ತು. ಅಂದರೆ ವ್ಯತ್ಯಾಸವೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಅನುಮತಿ ಹಿಂತೆಗೆದರು. ಯುರೋಪಿನ ನಿಯಂತ್ರಕರು 2024ರಲ್ಲಿ, ಪ್ರಯೋಜನ ಕಾಣದಿರುವುದರ ಜೊತೆಗೆ ಗರ್ಭದಲ್ಲಿದ್ದಾಗ ಇದಕ್ಕೆ ಒಡ್ಡಿಕೊಂಡ ಮಕ್ಕಳಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆಯ ಶಂಕೆಯೂ ಇದೆಯೆಂದು, ಮಾರಾಟ ತಡೆಯಲು ಶಿಫಾರಸು ಮಾಡಿದರು. ಅದು ಶಂಕೆ, ಸಾಬೀತಾದದ್ದಲ್ಲ. ಈಗಾಗಲೇ ತೆಗೆದುಕೊಂಡ ಡೋಸ್‌ಗಳಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಮುಂದಿನ ಭೇಟಿಯಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗಿನಲ್ಲಿ ಗರ್ಭಕಂಠದ ಉದ್ದ ಅಳೆಯಲು ಕೇಳಿ. ಅದು ಚಿಕ್ಕದಾಗಿದ್ದರೆ ಯೋನಿಯಲ್ಲಿಡುವ ಸಹಜ ಪ್ರೊಜೆಸ್ಟರಾನ್ ಮಾತ್ರೆಗೆ ಒಳ್ಳೆಯ ಆಧಾರವಿದೆ. ಹೆಸರು ಹತ್ತಿರವಾದರೂ ಎರಡೂ ಬೇರೆ ಬೇರೆ ಔಷಧಿಗಳು. ನಿಮ್ಮ ವೈದ್ಯರು ಹೊಸ ಫಲಿತಾಂಶ ಓದಿರದೇ ಇರಬಹುದು. ಕೇಳಿದರೆ ಬೇಸರಿಸಿಕೊಳ್ಳುವುದು ಸರಿಯಲ್ಲ, ಕೇಳಲು ನೀವು ಅಂಜುವುದೂ ಬೇಡ.

ಪ್ರಶ್ನೆ: ತಂಗಿಗೆ 31ನೇ ವಾರದಲ್ಲಿ ನೋವು ಶುರುವಾದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅದರಿಂದ ಶಿಶುಗಳು ಹೆಚ್ಚು ಸತ್ತವು ಎಂಬ ಅಧ್ಯಯನವೊಂದನ್ನು ಓದಿ ಭಯವಾಗಿದೆ. (ಕಲಬುರಗಿಯ ಓದುಗರು)

ಉತ್ತರ: ನೀವು ಓದಿದ ಅಧ್ಯಯನ ಇದೆ, ಅದರಲ್ಲಿರುವುದೂ ನಿಜ, ಆದರೂ ನಿಮ್ಮ ತಂಗಿಗೆ ಸಿಕ್ಕಿದ್ದು ಸರಿಯಾದ ಚಿಕಿತ್ಸೆ. ಇದು ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆಂದು ಅಧ್ಯಯನ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಕೊಟ್ಟಿದ್ದ, ಬದುಕಲಾರದಷ್ಟು ಬೇಗ ಹುಟ್ಟಿದ್ದ ಮರಿಯೊಂದು ಉಸಿರಾಡುತ್ತಿರುವುದನ್ನು ಕಂಡರು. ಅದರ ಜಾಡು ಹಿಡಿದು ಹೋವಿ ಎಂಬ ಮಕ್ಕಳ ವೈದ್ಯರ ಜೊತೆ 282 ತಾಯಂದಿರಲ್ಲಿ ನಡೆಸಿದ ಪರೀಕ್ಷೆಯನ್ನು 1972ರಲ್ಲಿ ಪ್ರಕಟಿಸಿದರು. ಶ್ರೀಮಂತ ದೇಶಗಳಲ್ಲಿ ಅಸಂಖ್ಯ ಶಿಶುಗಳು ಇದರಿಂದ ಉಳಿದಿವೆ. ಹಾಗಾದರೆ ಹಳ್ಳಿಗಳಲ್ಲೂ ಇದನ್ನೇ ಕೊಡೋಣ ಎಂದು, ಬೆಳಗಾವಿ ಮತ್ತು ನಾಗಪುರವೂ ಸೇರಿದಂತೆ ಆರು ದೇಶಗಳ ಗ್ರಾಮೀಣ ಭಾಗಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಅಧ್ಯಯನ ನಡೆಯಿತು. 2015ರ ಅದರ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಸ್ಟೀರಾಯ್ಡ್ ಬಳಕೆ ಹೆಚ್ಚಿಸಿದ ಪ್ರದೇಶಗಳಲ್ಲಿ ಮೊದಲ 28 ದಿನಗಳ ಶಿಶುಮರಣ ಸಾವಿರಕ್ಕೆ 27.4, ಉಳಿದೆಡೆ 23.9. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು.

ಮುಟ್ಟಿನ ದಿನಾಂಕ ನೆನಪಿಲ್ಲದ, ಸ್ಕ್ಯಾನಿಂಗ್ ಇಲ್ಲದ ಕಡೆ ಎಷ್ಟನೇ ವಾರವೆಂಬುದೇ ಅಂದಾಜಿನ ಮಾತಾಗುತ್ತದೆ. ಇಂಜೆಕ್ಷನ್ ಪಡೆದ ಬಹಳಷ್ಟು ತಾಯಂದಿರು ನಿಜಕ್ಕೂ ಅವಧಿಗೆ ಮುನ್ನ ಹೆರಲಿಲ್ಲ. ಅವರ ಮಕ್ಕಳಿಗೆ ಅದರ ಅಗತ್ಯವೇ ಇರಲಿಲ್ಲ. ಬೇಗ ಹುಟ್ಟಿದ ಮಗುವಿಗೆ ಆಕ್ಸಿಜನ್ ಕೊಡುವ, ಬೆಚ್ಚಗಿಡುವ ಘಟಕ ಹತ್ತಿರದಲ್ಲಿ ಇರಲಿಲ್ಲ. ಆ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ ಮತ್ತು ನೈಜೀರಿಯಾದ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ವಾರ ಖಚಿತವಾದ, 26ರಿಂದ 34 ವಾರದೊಳಗಿನ 2,852 ತಾಯಂದಿರಲ್ಲಿ ಹಳ್ಳಿಗಳಲ್ಲಿ ಕೊಟ್ಟಿದ್ದ ಅದೇ ಸ್ಟೀರಾಯ್ಡ್ ಡೆಕ್ಸಾಮೆಥಸೋನನ್ನು ಹುಸಿಮದ್ದಿಗೆ ಹೋಲಿಸಿತು. 2020ರ ಫಲಿತಾಂಶದಲ್ಲಿ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು, ತಾಯಂದಿರ ಸೋಂಕು ಹೆಚ್ಚಿರಲಿಲ್ಲ. ಪ್ರಯೋಜನ ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಗೊತ್ತುಮಾಡಿದ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಶಿಶು ಉಳಿಯುತ್ತದೆ ಎಂಬ ಲೆಕ್ಕ ಅದು.

ಔಷಧಿ ಅದೇ. ಬದಲಾದದ್ದು ಅದರ ಸುತ್ತಲಿನ ವ್ಯವಸ್ಥೆ. ಆದ್ದರಿಂದ ನಿಮ್ಮ ತಂಗಿಯ ವಿಷಯದಲ್ಲಿ ನಾನು ಕೇಳುವುದು ಇಷ್ಟೇ: ಮೂರನೇ ತಿಂಗಳ ಸ್ಕ್ಯಾನಿಂಗ್ ವರದಿ ಇದೆಯೇ, ಹೆರಿಗೆಯಾಗುವ ಆಸ್ಪತ್ರೆಯಲ್ಲಿ ನವಜಾತ ಶಿಶು ಘಟಕ ಇದೆಯೇ? ಎರಡಕ್ಕೂ ಹೌದು ಎಂದಾದರೆ ಧೈರ್ಯವಾಗಿರಿ. ಘಟಕ ಇಲ್ಲವೆಂದಾದರೆ, ನೋವು ಮತ್ತೆ ಶುರುವಾಗುವ ಮೊದಲೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಟ್ಟೆಯಲ್ಲಿರುವ ಮಗುವನ್ನು ಸಾಗಿಸುವುದಕ್ಕೆ ತಾಯಿಗಿಂತ ಒಳ್ಳೆಯ ಆಂಬ್ಯುಲೆನ್ಸ್ ಇಲ್ಲ.

ಪ್ರಶ್ನೆ: ಬಸುರಿನಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಮಗುವಿಗೆ ಆಟಿಸಂ ಬರುತ್ತದೆಂದು ಇಲ್ಲಿ ಸರ್ಕಾರವೇ ಎಚ್ಚರಿಸಿದೆ. ಐದನೇ ತಿಂಗಳಲ್ಲಿ ಜ್ವರಕ್ಕೆ ನಾಲ್ಕು ಮಾತ್ರೆ ತೆಗೆದುಕೊಂಡಿದ್ದೆ. ನಿದ್ದೆ ಬರುತ್ತಿಲ್ಲ. (ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡತಿ)

ಉತ್ತರ: 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಾಗೆ ಎಚ್ಚರಿಸಿದ್ದು ನಿಜ, ಆದರೆ ಕಾರಣ ಸಂಬಂಧ ಸಾಬೀತಾಗಿಲ್ಲ. 1995ರಿಂದ 2019ರವರೆಗೆ ಸ್ವೀಡನ್ನಿನಲ್ಲಿ ಹುಟ್ಟಿದ ಸುಮಾರು 25 ಲಕ್ಷ ಮಕ್ಕಳ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಎಲ್ಲ ಮಕ್ಕಳನ್ನು ಒಟ್ಟಾಗಿ ನೋಡಿದಾಗ ಬಹಳ ಸಣ್ಣ ವ್ಯತ್ಯಾಸ ಕಂಡಿತು. ಒಂದೇ ತಾಯಿಯ ಮಕ್ಕಳಲ್ಲಿ, ಒಂದು ಬಸುರಿನಲ್ಲಿ ಮಾತ್ರೆ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದಿದ್ದವರನ್ನು ಹೋಲಿಸಿದಾಗ ಆ ವ್ಯತ್ಯಾಸವೂ ಮಾಯವಾಯಿತು. ಅಂದರೆ ಅದು ಮನೆತನದಿಂದ ಬಂದದ್ದೋ, ಮಾತ್ರೆ ಬೇಕಾಗುವಂತೆ ಮಾಡಿದ ಕಾಯಿಲೆಯಿಂದ ಬಂದದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು.

ಬಸುರಿನಲ್ಲಿ ತೀವ್ರ ಜ್ವರವನ್ನು ಹಾಗೆಯೇ ಬಿಡುವುದೂ ಮಗುವಿಗೆ ಒಳ್ಳೆಯದಲ್ಲ. ನೀವು ತೆಗೆದುಕೊಂಡ ನಾಲ್ಕು ಮಾತ್ರೆಗಳ ಬಗ್ಗೆ ಚಿಂತಿಸಬೇಡಿ. ಭಯದಿಂದ ಇದನ್ನು ಬಿಟ್ಟು ಐಬುಪ್ರೊಫೆನ್‌ಗೆ ಮಾತ್ರ ಹೋಗಬೇಡಿ. 20ನೇ ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭದ ನೀರನ್ನು ಕಡಿಮೆ ಮಾಡಬಲ್ಲದು. ಮತ್ತೆ ಜ್ವರ ಬಂದರೆ ಪ್ಯಾರಾಸಿಟಮಾಲನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಬೇಕಾದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಎರಡು ದಿನಕ್ಕೂ ಬಿಡದಿದ್ದರೆ, ಇಲ್ಲವೇ ಜ್ವರದೊಂದಿಗೆ ಉರಿಮೂತ್ರ ಅಥವಾ ನೀರು ಹೋಗುವುದು ಕಂಡರೆ, ಅದೇ ದಿನ ಆಸ್ಪತ್ರೆಗೆ ಹೋಗಿ.